ಒಂಬತ್ತಡಿ ಆರೂವರೆ ಇಂಚಿನ ರಿಂಗು

2013ರಲ್ಲಿ ನಾನು ಅಜ್ಜಂಪುರದಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ಒಂದು ಅನುದಾನಿತ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದೆ. ಮಠವೊಂದರ ವಿದ್ಯಾಸಂಸ್ಥೆ ನಡೆಸುತ್ತಿದ್ದ ಶಾಲೆ. ಊರಿನ ಹೆಸರು ಬರೆಯುವುದಿಲ್ಲ. ಇದರಲ್ಲಿ ಊರಿನ ತಪ್ಪೇನೂ ಇಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುವುದು, ಸಂಜೆ ಆಟ ಆಡಿಸುವುದು ನನ್ನ ಕೆಲಸ. ಮಧ್ಯಾಹ್ನದ ಬಿಸಿಯೂಟದ ಉಸ್ತುವಾರಿಯನ್ನು ಪಾಠದ ಮೇಷ್ಟ್ರುಗಳು ಯಾರೂ ಒಪ್ಪದ ಕಾರಣ ಅದೂ ನನ್ನ ಕೊರಳಿಗೇ ಬಿದ್ದಿತ್ತು. ಅಡುಗೆಯ ರತ್ನಕ್ಕ ಅಕ್ಕಿ, ಬೇಳೆ ತೂಗುವಾಗ ನಾನು ಪಕ್ಕದಲ್ಲೇ ನಿಂತು ಮುಳ್ಳು ನೋಡುತ್ತಿದ್ದೆ. ಒಂದು ಹಿಡಿ ಬೇಳೆ ಕಡಿಮೆಯಾದರೂ ಬಿಡುತ್ತಿರಲಿಲ್ಲ.

"ಮೇಡಮ್ಮೋರ ಕಣ್ಣು ತಕ್ಕಡಿಗಿಂತ ಚುರುಕು ಕಣಮ್ಮಾ" ಎಂದು ರತ್ನಕ್ಕ ಸೌದೆ ಒಟ್ಟುವವಳಿಗೆ ಹೇಳಿ ನಗುತ್ತಿದ್ದಳು. ಆಗ ನನಗೆ ಅದು ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಭಾಗ್ಯ ಈ ರತ್ನಕ್ಕನ ಮಗಳು. ಆರನೇ ತರಗತಿಯಿಂದ ನಮ್ಮ ಆವರಣದಲ್ಲೇ ಓದುತ್ತಿದ್ದವಳು. ತಾಯಿಯ ಕೆಲಸ ಮುಗಿಯುವವರೆಗೆ ಅಡುಗೆಮನೆಯ ಅಂಗಳದಲ್ಲಿ ಹಳೆಯ ಬಾಸ್ಕೆಟ್‌ಬಾಲ್ ಒಂದನ್ನು ನೆಲಕ್ಕೆ ಬಡಿಯುತ್ತಾ ಕಾಯುತ್ತಿದ್ದಳು.

"ಲೇ, ಸಾರಿನ ಪಾತ್ರೆಗೆ ಧೂಳು ಹಾರ್ತೈತೆ, ಆ ಕಡೀಕೆ ಹೋಗೇ!"

"ಧೂಳಿಗೂ ಉಪ್ಪು ಹಾಕವ್ವ, ರುಚಿ ಬತ್ತದೆ."

2011ರ ಬೇಸಿಗೆಯಲ್ಲಿ ದಾನಿಗಳೊಬ್ಬರು ಶಾಲೆಗೆ ಬಾಸ್ಕೆಟ್‌ಬಾಲ್ ಕೋರ್ಟು ಕಟ್ಟಿಸಿಕೊಟ್ಟಿದ್ದರು. ಸುತ್ತಲಿನ ಶಾಲೆಗಳಲ್ಲಿ ಎಲ್ಲೂ ಇಲ್ಲದ ಕಾಂಕ್ರೀಟ್ ಕೋರ್ಟು. ಹೋಬಳಿ ಮಟ್ಟದ ಪಂದ್ಯಗಳೆಲ್ಲ ನಮ್ಮಲ್ಲೇ ನಡೆಯತೊಡಗಿದವು, ನಮ್ಮ ಹುಡುಗಿಯರೇ ಗೆಲ್ಲತೊಡಗಿದರು. ಭಾಗ್ಯ ಫ್ರೀ ಥ್ರೋ ಗೆರೆಯ ಹಿಂದೆ ನಿಂತರೆ, ಅಂದರೆ ಯಾರೂ ಅಡ್ಡ ಬರದೆ ನಿಂತಲ್ಲಿಂದಲೇ ಎಸೆಯುವ ಜಾಗದಿಂದ, ಹತ್ತಕ್ಕೆ ಎಂಟೋ ಒಂಬತ್ತೋ ರಿಂಗಿನೊಳಕ್ಕೆ ಹಾಕುತ್ತಿದ್ದಳು.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಆಗ ಅಜ್ಜಂಪುರ ಇನ್ನೂ ತರೀಕೆರೆ ತಾಲ್ಲೂಕಿಗೇ ಸೇರಿತ್ತು. ತಾಲ್ಲೂಕು ಪಂದ್ಯಕ್ಕೆ ತರೀಕೆರೆಗೆ ಹೋದಾಗಲೂ, ಜಿಲ್ಲಾ ಪಂದ್ಯಕ್ಕೆ ಒಮ್ಮೆ ಕಡೂರಿಗೆ ಹೋದಾಗಲೂ ನಮ್ಮವರ ಬಾಲು ರಿಂಗಿನ ಮುಂದಿನ ಅಂಚಿಗೇ ಬಡಿದು ವಾಪಸು ಬರುತ್ತಿತ್ತು. ಒಬ್ಬಳದಲ್ಲ, ಐದೂ ಜನರದು. ನೀರು ಬದಲಾಯಿತು, ಬಸ್ಸಿನ ಆಯಾಸ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

2013ರ ಆಗಸ್ಟಿನಲ್ಲಿ ರಿಂಗಿಗೆ ಹೊಸ ಬಲೆ ಕಟ್ಟಬೇಕಾಯಿತು. ಕೋರ್ಟಿನ ಕೆಲಸ ಮಾಡಿದ್ದ ಗಾರೆ ಮೇಸ್ತ್ರಿ ಹನುಮಂತಪ್ಪ ಶಾಲೆಯ ಕಾಂಪೌಂಡ್ ರಿಪೇರಿಗೆ ಬಂದಿದ್ದ. ಅವನ ಏಣಿ ಕೇಳಿದೆ, ಜೊತೆಗೆ ಟೇಪನ್ನೂ ಕೇಳಿದೆ. ನಿಯಮದ ಪ್ರಕಾರ ರಿಂಗು ಆಡುವ ನೆಲದಿಂದ ಹತ್ತು ಅಡಿ ಎತ್ತರದಲ್ಲಿರಬೇಕು. ನಮ್ಮದು ಒಂಬತ್ತಡಿ ಆರೂವರೆ ಇಂಚು. ಆ ಕಡೆಯದನ್ನೂ ಅಳೆದೆ. ಅದೂ ಅಷ್ಟೇ.

"ಇದೇನು ಹನುಮಂತಪ್ಪ?"

ಅವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಮೇಲೆ ಕೆಳಗೆ ನೋಡಿದ. "ಕಂಬ ನೆಟ್ಟಾಗ ಮಣ್ಣಿಂದ ಹತ್ತಡಿ ಕರೆಕ್ಟಾಗೇ ಇಟ್ಟಿದ್ದೆ ಮೇಡಮ್ಮೋರೇ. ಆಮೇಲೆ ಕಾಂಕ್ರೀಟ್ ಬಿತ್ತಲ್ಲ. ಕಂಬ ಕುಗ್ಗಿಲ್ಲ, ನೆಲ ಎದ್ದೈತೆ."

ನಾನು ಹೆಡ್ ಮೇಷ್ಟ್ರ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅರ್ಧ ಅಡೀನೂ ಇಲ್ವಲ್ರೀ. ದಾನಿಗಳ ಹೆಸರಿನ ಕಲ್ಲು ಕೆತ್ತಿಸಿ ನಿಲ್ಸಿದೀವಿ. ಈಗ ತಪ್ಪಾಗಿದೆ, ಬಿಚ್ಚಿ ಕಟ್ತೀವಿ ಅಂದ್ರೆ ಮಠಕ್ಕೆ ಏನು ಹೇಳೋದು? ಮುಂದಿನ ವಾರ ಹೋಬಳಿ ಪಂದ್ಯ ಬೇರೆ. ಸುಮ್ನಿರಿ."

ಸುಮ್ಮನಾದೆ. ಅವರು ಹೇಳಿದರೆಂದು ಸುಮ್ಮನಾದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಅದು ನಿಜವಲ್ಲ. ಹೋಬಳಿ ಪಂದ್ಯದಲ್ಲಿ ಬೇರೆ ಶಾಲೆಯ ಮೇಷ್ಟ್ರುಗಳು "ಮೇಡಂ, ನಿಮ್ಮ ಹುಡುಗೀರ ಕೈಗೆ ಏನು ತಿನ್ನಿಸ್ತೀರಿ?" ಎಂದು ಕೇಳುತ್ತಿದ್ದರಲ್ಲ, ಆ ಮಾತು ನನಗೆ ಬೇಕಾಗಿತ್ತು. ರಿಂಗು ಐದೂವರೆ ಇಂಚು ಏರಿದರೆ ಆ ಮಾತು ನಿಂತುಹೋಗುತ್ತಿತ್ತು. ಅಳತೆಯನ್ನು ನನ್ನ ದಿನಚರಿಯಲ್ಲಿ ಬರೆದಿಟ್ಟೆ. ಅದೇ ಪುಟದಲ್ಲಿ ಅವತ್ತಿನ ಸಾರಿಗೆ ಬೇಳೆ ಎಷ್ಟು ಹಾಕಿದೆವು ಎಂಬುದೂ ಇದೆ.

2014ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕ್ರೀಡಾ ಹಾಸ್ಟೆಲಿನ ಆಯ್ಕೆ ಇತ್ತು. ಆಯ್ಕೆಯಾದರೆ ಊಟ, ವಸತಿ, ಓದು, ತರಬೇತಿ ಎಲ್ಲವೂ ಅಲ್ಲೇ. ಅಲ್ಲಿಂದ ರಾಜ್ಯ ತಂಡ, ಆಮೇಲೆ ಆಟಗಾರರಿಗಿರುವ ನೌಕರಿ ಅಥವಾ ಸಂಬಳ ಕೊಡುವ ವೃತ್ತಿಪರ ತಂಡ. ನಮ್ಮ ಕಡೆಯ ಹುಡುಗಿಗೆ ಅದೊಂದೇ ದಾರಿ. ಭಾಗ್ಯ ಆಗ ಒಂಬತ್ತನೇ ತರಗತಿ ಮುಗಿಸಿದ್ದಳು. ಶಿವನಿಯಲ್ಲಿ ಬೆಳಗಿನ ರೈಲು ಹತ್ತಿದೆವು. ರತ್ನಕ್ಕ ರಾಗಿರೊಟ್ಟಿ, ಕಡ್ಲೆಬೀಜದ ಚಟ್ನಿಪುಡಿ ಕಟ್ಟಿಕೊಟ್ಟು, "ನಿಮ್ ಕೈಗೆ ಹಾಕಿದೀನಿ ಮೇಡಮ್ಮೋರೇ" ಎಂದಳು. ಅರಸೀಕೆರೆಯಲ್ಲಿ ಟೀ ಕುಡಿಯುವಾಗ ರಿಂಗಿನ ವಿಷಯ ಹೇಳಿಬಿಡಲೇ ಎನ್ನಿಸಿತು. ಈಗ ಹೇಳಿದರೆ ಹುಡುಗಿ ಗಾಬರಿಯಾಗುತ್ತಾಳೆ ಎಂದು ಬಿಟ್ಟೆ.

ಆಯ್ಕೆಯಲ್ಲಿ ಮೊದಲು ಬಾಲನ್ನು ಬಡಿಯುತ್ತಾ ಓಡಿಸಿದರು. ಅದರಲ್ಲಿ ಅವಳನ್ನು ಮೀರಿಸಿದವರು ಇರಲಿಲ್ಲ. ಆಮೇಲೆ ಹತ್ತು ಫ್ರೀ ಥ್ರೋ. ಮೊದಲನೆಯದು ಮುಂದಿನ ಅಂಚಿಗೆ ಬಡಿಯಿತು. ಎರಡನೆಯದೂ ಹಾಗೆಯೇ. ಮೂರು, ನಾಲ್ಕು, ಐದು. ಪ್ರತಿ ಸಲವೂ ಅವಳು ತಿರುಗಿ ನನ್ನ ಮುಖ ನೋಡುತ್ತಿದ್ದಳು. ಹತ್ತರಲ್ಲಿ ಬಿದ್ದದ್ದು ಎರಡು.

ಆಯ್ಕೆಗಾರರು ವಯಸ್ಸಾದ ಮಾಜಿ ಆಟಗಾರರು, ಒಳ್ಳೆಯ ಮನುಷ್ಯ. ನನ್ನನ್ನು ಕರೆದರು. "ಎಲ್ಲಾ ಒಂದೇ ಥರ ಗಿಡ್ಡ ಬೀಳ್ತಿದೆ. ಸ್ಕೂಲಲ್ಲಿ ಎಷ್ಟು ಹಾಕ್ತಾಳೆ?"

"ಎಂಟು, ಒಂಬತ್ತು ಸರ್."

"ಮತ್ತೆ ಇಲ್ಲಿ ಏನಾಯ್ತು?"

ನಮ್ಮ ರಿಂಗು ತಗ್ಗು ಸರ್, ತಪ್ಪು ನಮ್ಮದು ಎನ್ನಬಹುದಿತ್ತು. ಅಷ್ಟೇ ಸಾಕಿತ್ತು. ಸುತ್ತ ಇಪ್ಪತ್ತು ಮೂವತ್ತು ಜನ ಕೋಚ್‌ಗಳು ನಿಂತಿದ್ದರು. "ಭಯ ಸರ್" ಎಂದೆ. "ಹಳ್ಳಿ ಹುಡುಗಿ. ದೊಡ್ಡ ಜಾಗ ನೋಡಿ ಕೈ ನಡುಗ್ತಿದೆ."

ಅವರು ಹಾಳೆಯಲ್ಲಿ ಏನೋ ಬರೆದುಕೊಂಡರು. ಭಾಗ್ಯ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದಳು. ತನ್ನ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡಳು. ಅದು ನಡುಗುತ್ತಿರಲಿಲ್ಲ.

ವಾಪಸು ರೈಲಿನಲ್ಲಿ ತಿಪಟೂರು ದಾಟಿದ ಮೇಲೆ ಬಾಯಿಬಿಟ್ಟಳು. "ಮಿಸ್, ನನ್ ಕೈ ನಡುಗ್ಲಿಲ್ಲ."

"ನಿಂಗೆ ಗೊತ್ತಾಗಲ್ಲ ಕಣೇ. ಭಯ ಒಳಗಿರ್ತದೆ."

ಅವಳು ಮತ್ತೆ ಕೇಳಲಿಲ್ಲ. ನನ್ನ ಮಾತನ್ನು ನಂಬಿದಳು. ಅದೇ ದೊಡ್ಡ ಅನ್ಯಾಯವಾಯಿತು.

ಅವಳ ಹೆಸರು ಕಾಯುವವರ ಪಟ್ಟಿಯಲ್ಲಿತ್ತು. ಜೂನಿನಲ್ಲಿ ಯಾರೋ ಬರದೆಹೋದ ಕಾರಣ ಸೀಟು ಸಿಕ್ಕಿತು. ಊರಿಗೆ ಊರೇ ಸಂತೋಷಪಟ್ಟಿತು. ಹಾಸ್ಟೆಲಿನ ಕೋಚ್ ಮೂರು ತಿಂಗಳಲ್ಲಿ ಅವಳ ಎಸೆತದ ಎತ್ತರವನ್ನು ತಿದ್ದಿದರು. ಅಭ್ಯಾಸದಲ್ಲಿ ಬಾಲು ಬೀಳತೊಡಗಿತು. ಆದರೆ ಹಾಳೆಯಲ್ಲಿ ಬರೆದದ್ದು ಹಾಳೆಯಲ್ಲೇ ಉಳಿಯಿತು: ಪಂದ್ಯದಲ್ಲಿ ಅಂಜುತ್ತಾಳೆ. ಐದು ಜನರ ತಂಡದಲ್ಲಿ ಗಾರ್ಡ್ ಎಂದರೆ ಬಾಲನ್ನು ಕೋರ್ಟಿನ ಆ ತುದಿಯವರೆಗೆ ಒಯ್ದು ಆಟ ಕಟ್ಟುವವಳು. ಗಾರ್ಡುಗಳಲ್ಲಿ ಒಬ್ಬಳು ದೂರದಿಂದ ಎಸೆಯುತ್ತಾಳೆ, ಇನ್ನೊಬ್ಬಳು ಬಾಲು ಹಂಚುತ್ತಾಳೆ. ಎಸೆಯಬೇಕಾದವಳನ್ನು ಹಂಚುವವಳನ್ನಾಗಿ ಮಾಡಿದರು. ಒಂದು ಭಾನುವಾರ ವಾರ್ಡನ್ ಫೋನಿನಿಂದ ಕೇಳಿದಳು: "ಮಿಸ್, ಭಯ ಹೋಗೋಕೆ ಏನ್ ಮಾಡ್ಬೇಕು?" ಉಸಿರು ಎಳೆದು ಬಿಡು, ಹತ್ತು ಎಣಿಸು ಎಂದೆ. ರತ್ನಕ್ಕ ಮಠದಿಂದ ದಾರ ಮಂತ್ರಿಸಿಕೊಂಡು ತಂದಳು. ಅದನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದವಳು ನಾನೇ.

ರಜೆಗೆ ಬಂದರೂ ಅವಳು ನಮ್ಮ ಕೋರ್ಟಿಗೆ ಕಾಲಿಡುತ್ತಿರಲಿಲ್ಲ. "ಇಲ್ಲಿ ಹಾಕಿ ಏನ್ ಬಂತು ಮಿಸ್, ಅಲ್ಲಿ ಬೀಳ್ಬೇಕಲ್ಲ" ಎನ್ನುತ್ತಿದ್ದಳು. ನಾನು ಒತ್ತಾಯ ಮಾಡುತ್ತಿರಲಿಲ್ಲ. ಒಳಗೊಳಗೇ ನನಗೆ ನಿರಾಳವೂ ಆಗುತ್ತಿತ್ತು.

ಆದರೂ ಅವಳು ಮೇಲೇರಿದಳು. ಪಿಯುಸಿ, ಕಾಲೇಜು, ವಿಶ್ವವಿದ್ಯಾಲಯದ ತಂಡ, ಎರಡು ಸಲ ರಾಜ್ಯ ತಂಡ. ಕೋವಿಡ್ ಬಂದು ಕೋರ್ಟುಗಳು ಮುಚ್ಚಿದಾಗ ಊರಲ್ಲೇ ಕೂತು ಅಡುಗೆಮನೆಯ ಅಂಗಳದಲ್ಲಿ ಬಾಲು ಬಡಿದಳು. 2022ರಲ್ಲಿ ಹೊರರಾಜ್ಯದ ಒಂದು ವೃತ್ತಿಪರ ತಂಡ ಅವಳನ್ನು ಒಂದು ಸೀಸನ್ನಿಗೆ ತೆಗೆದುಕೊಂಡಿತು. ಚೆನ್ನಾಗಿ ಆಡಿದರೆ ಒಪ್ಪಂದ ಮೂರು ವರ್ಷಕ್ಕೆ ಬೆಳೆಯುತ್ತದೆ ಎಂದಿದ್ದರು. ಎದುರು ತಂಡಗಳು ಕೆಲವೇ ಪಂದ್ಯಗಳಲ್ಲಿ ಗುಟ್ಟು ಹಿಡಿದವು: ಇವಳು ಎಸೆಯುವುದಿಲ್ಲ, ಇವಳಿಗೆ ಕಾವಲು ಬೇಡ. ಇವಳನ್ನು ಕಾಯಬೇಕಾದ ಆಟಗಾರ್ತಿಯನ್ನೂ ಬೇರೆಯವರ ಮೇಲೆ ಹಾಕಿದರು. ಕೊನೆಯ ಪಂದ್ಯವನ್ನು ನಾನೂ ರತ್ನಕ್ಕನೂ ಫೋನಿನಲ್ಲಿ ನೋಡಿದೆವು. ಭಾಗ್ಯಳ ತಂಡ ಒಂದು ಅಂಕ ಹಿಂದಿತ್ತು, ಆರು ಸೆಕೆಂಡ್ ಉಳಿದಿತ್ತು. ಭಾಗ್ಯ ಒಬ್ಬಳೇ, ಮುಂದೆ ಯಾರೂ ಇಲ್ಲ.

"ಹಾಕೇ, ಹಾಕೇ ಭಾಗೀ!" ರತ್ನಕ್ಕ ಸೌಟು ಹಿಡಿದೇ ಕೂಗಿದಳು.

ಭಾಗ್ಯ ಒಂದು ಕ್ಷಣ ತಲೆ ತಗ್ಗಿಸಿ, ಬಾಲನ್ನು ಪಕ್ಕದವಳಿಗೆ ದಾಟಿಸಿದಳು. ಆ ಪಕ್ಕದವಳನ್ನು ಇಬ್ಬರು ಮುತ್ತಿದರು. ಸಮಯ ಮುಗಿಯಿತು. ಒಪ್ಪಂದ ಮುಂದುವರಿಯಲಿಲ್ಲ.

2024ರ ಜನವರಿಯಲ್ಲಿ ನಮ್ಮ ಶಾಲಾ ವಾರ್ಷಿಕೋತ್ಸವಕ್ಕೆ ಅವಳನ್ನೇ ಅತಿಥಿಯಾಗಿ ಕರೆದೆವು. ಬೆಳಿಗ್ಗೆಯೇ ಬಂದಳು. ಹುಡುಗಿಯರು ಸುತ್ತಿಕೊಂಡು "ಅಕ್ಕಾ, ಒಂದ್ ಸಲ, ಒಂದೇ ಸಲ" ಎಂದು ಎಳೆದುಕೊಂಡು ಹೋಗಿ ಕೈಗೆ ಬಾಲು ಕೊಟ್ಟರು. ಫ್ರೀ ಥ್ರೋ ಗೆರೆಯಿಂದ ಎಸೆದಳು. ಬಾಲು ರಿಂಗಿನ ಹಿಂದಿನ ಅಂಚಿಗೆ ಬಡಿದು ಮೇಲೆ ಹಾರಿತು. ಇನ್ನೊಂದು ಎಸೆದಳು. ಅದೂ ಉದ್ದ. ಅವಳು ನಗುವುದನ್ನು ನಿಲ್ಲಿಸಿದಳು. ನಿಧಾನವಾಗಿ ರಿಂಗಿನ ಕೆಳಗೆ ನಡೆದುಹೋಗಿ ಒಮ್ಮೆ ಮೇಲಕ್ಕೆ ನೋಡಿ ಹಾರಿದಳು. ಬೆರಳುಗಳು ತಗುಲಿ ಕಬ್ಬಿಣ ಟಣ್ ಎಂದಿತು. ಅವಳ ಎತ್ತರಕ್ಕೆ ಬೇರೆ ಯಾವ ಕೋರ್ಟಿನಲ್ಲೂ ಬಲೆಯ ಮೇಲಕ್ಕೆ ಕೈ ಹೋಗುವುದಿಲ್ಲ. ಹುಡುಗಿಯರು ಚಪ್ಪಾಳೆ ಹೊಡೆದರು.

ಅವರನ್ನು ಕಳಿಸಿ ನನ್ನ ಹತ್ತಿರ ಬಂದಳು. "ಮಿಸ್, ಇದು ತಗ್ಗೈತೆ."

ನಾನು ಕಾಂಕ್ರೀಟ್ ನೆಲ ನೋಡಿದೆ.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ನಿನ್ನ ಆಯ್ಕೆಗೆ ಕರ್ಕೊಂಡು ಹೋಗೋಕೆ ಮುಂಚೆ."

ಅವಳು ಬಾಲನ್ನು ಎರಡು ಸಲ ನೆಲಕ್ಕೆ ಬಡಿದು ಹಿಡಿದಳು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೇ ಹೇಳಿದಳು: "ಬಾಲ್ ಕೈಗೆ ಬಂದಾಗೆಲ್ಲ ರಿಂಗ್ ನೋಡ್ತಿರ್ಲಿಲ್ಲ ಮಿಸ್ ನಾನು. ನನ್ ಕೈ ನೋಡ್ಕೊಂತಿದ್ದೆ, ನಡುಗ್ತೈತಾ ಅಂತ. ಹತ್ತು ವರ್ಷ."

ಸಂಜೆ ವೇದಿಕೆಯಲ್ಲಿ ಎಲ್ಲ ಹೇಳಿಬಿಡುತ್ತಾಳೆಂದು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಅವಳು ಹೇಳಲಿಲ್ಲ. ನಾಲ್ಕೇ ಮಾತಾಡಿದಳು, ಕೊನೆಗೆ ಮಕ್ಕಳಿಗೆ, "ನಿಮ್ಮ ಬಾಲು ಬೀಳ್ಲಿಲ್ಲ ಅಂದ್ರೆ ಮೊದ್ಲು ರಿಂಗ್ ಅಳೆದು ನೋಡ್ರಿ. ಆಮೇಲೆ ನಿಮ್ಮನ್ನ ಬೈಕಳಿ" ಎಂದಳು. ತಮಾಷೆಯೆಂದು ಎಲ್ಲರೂ ನಕ್ಕರು. ಹೆಡ್ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು. ಹೊದಿಸಿದ ಶಾಲನ್ನು ಅವಳು ಕುರ್ಚಿಯ ಮೇಲೇ ಬಿಟ್ಟು ಹೋದಳು.

ಮರುವಾರ ಯಾರನ್ನೂ ಕೇಳದೆ ಅಜ್ಜಂಪುರದಿಂದ ವೆಲ್ಡಿಂಗಿನವರನ್ನು ಕರೆಸಿ ಎರಡೂ ರಿಂಗುಗಳನ್ನು ಎತ್ತರಿಸಿದೆ. ಹತ್ತು ವರ್ಷ ಮುಂದೂಡಿದ ಕೆಲಸ ಮೂರು ಗಂಟೆಯಲ್ಲಿ ಮುಗಿಯಿತು. ದಾನಿಗಳ ಕಲ್ಲು ಇದ್ದಲ್ಲೇ ಇದೆ. ಅದಕ್ಕೆ ಒಂದು ಗೀರೂ ಬೀಳಲಿಲ್ಲ. ಆ ವರ್ಷ ಹೋಬಳಿ ಪಂದ್ಯದ ಮೊದಲ ಸುತ್ತಿನಲ್ಲೇ ಸೋತೆವು. "ತೃಪ್ತಿ ಆಯ್ತಾ ಮೇಡಂ?" ಎಂದರು ಹೆಡ್ ಮೇಷ್ಟ್ರು.

ಭಾಗ್ಯ ಈಗ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಆಟ ಕಲಿಸುತ್ತಾಳೆ. ನನ್ನ ಫೋನ್ ತೆಗೆಯುವುದಿಲ್ಲ. ರತ್ನಕ್ಕನಿಗೆ ವಿಷಯವನ್ನು ನಾನೇ ಹೇಳಿದೆ. ಅಕ್ಕಿ ತೂಗುತ್ತಿದ್ದಳು. ತಕ್ಕಡಿ ಕೆಳಗಿಟ್ಟಳು.

"ಒಂದ್ ಹಿಡಿ ಬೇಳೆ ಕಮ್ಮಿ ಆದ್ರೆ ನನ್ನ ಕೇಳ್ತಿದ್ರಿ ಮೇಡಮ್ಮೋರೇ" ಎಂದಳು. ಅಷ್ಟೇ. ಮತ್ತೆ ತೂಗತೊಡಗಿದಳು.

ಇಷ್ಟು ವರ್ಷಗಳ ನೌಕರಿ ನನಗೆ ಕಲಿಸಿದ್ದು ಇದು: ಮಗು ತಪ್ಪಿದಾಗ ಮೊದಲು ನಾವು ಕೊಟ್ಟ ಅಳತೆಯನ್ನು ನೋಡಿಕೊಳ್ಳಬೇಕು. ರಿಂಗನ್ನು ಯಾವಾಗ ಬೇಕಾದರೂ ಏರಿಸಬಹುದು, ಮಗುವಿನ ಮೇಲೆ ಹೊರಿಸಿದ ಭಯವನ್ನು ಬಿಚ್ಚಿ ಕಟ್ಟಲು ಬರುವುದಿಲ್ಲ. ಈಗ ಪ್ರತಿ ಜೂನಿನಲ್ಲಿ, ಮಕ್ಕಳು ಬಾಲು ಮುಟ್ಟುವ ಮೊದಲು, ಏಣಿ ಹತ್ತಿ ಎರಡೂ ರಿಂಗುಗಳಿಂದ ಟೇಪು ಇಳಿಬಿಡುತ್ತೇನೆ. ಕೆಳಗಿನ ತುದಿ ಹಿಡಿಯಲು ರತ್ನಕ್ಕನನ್ನು ಕರೆಯುತ್ತೇನೆ, ಅವಳು ಬರುತ್ತಾಳೆ. "ಹತ್ತಡಿ" ಎಂದು ನಾನು ಮೇಲಿನಿಂದ ಹೇಳುತ್ತೇನೆ. ಅವಳು ತಲೆಯಾಡಿಸುವುದಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನನ್ನು ಕೆಳಗಿಳಿಸಿ, ತುದಿಯನ್ನು ನನ್ನ ಕೈಗೆ ಕೊಟ್ಟು ತಾನೇ ಏಣಿ ಹತ್ತುತ್ತಾಳೆ, ಅಂಕಿಯನ್ನು ಕಣ್ಣಾರೆ ಓದಿ ನೋಡಿ, ಆಮೇಲೆ ಇಳಿಯುತ್ತಾಳೆ.