ಬಿಳಿ ಬೆಡ್‌ಶೀಟಿನ ಹಿಂದಿನ ಆಪಾ

ಮೆಹಂದಿ ಹಚ್ಚಿದ ಬೆರಳುಗಳಿಂದ ಕನ್ನಡಕವನ್ನು ಹಣೆಗೇರಿಸಿ, ಮೂಗು ತಗಲುವಷ್ಟು ಹತ್ತಿರ ಕಂಪ್ಯೂಟರಿಗೆ ಬಾಗುತ್ತಿದ್ದಳು ನಮ್ಮೆಲ್ಲರ ಅಕ್ಕ, ಆಪಾ. ಸುರಪುರದ ಬಸ್ ಸ್ಟ್ಯಾಂಡ್ ಹತ್ತಿರ ಆಕೆಯ ಫೋಟೊ ಸ್ಟುಡಿಯೋ. ಫೋಟೊ ಉಳಿಸುವ ಮೊದಲು ಆಕೆ ನೋಡುತ್ತಿದ್ದುದು ಕಣ್ರೆಪ್ಪೆಯನ್ನು. "ರೆಪ್ಪಿ ಕಲಸಿಹೋತಂದ್ರ ಮನಷ್ಯಾನ ಗುರ್ತೇ ಹೋದಂಗ," ಎನ್ನುತ್ತ ಫೋಟೊದ ಗುಣಮಟ್ಟ ಏರಿಸುವ, ಇಳಿಸುವ ಗುಂಡಿಯನ್ನು ಮೌಸಿನಿಂದ ಹಿಂದೆ ಮುಂದೆ ಜಗ್ಗುತ್ತಿದ್ದಳು.

ಸ್ಟುಡಿಯೋದ ಗೋಡೆ ತುಂಬ ಕಾಲುವೆಯ ಚಿತ್ರದ ಪರದೆ. ನಮ್ಮ ಕಡೆ ಕಾಲುವೆ ನೀರು ಬಂದ ಹೊಸತರಲ್ಲಿ ಆಕೆಯೇ ಬರೆಸಿದ್ದು: ತುಂಬಿದ ನೀರು, ಭತ್ತದ ಗದ್ದೆ, ಎಲ್ಲೆಲ್ಲೂ ಹೂವು. ನಮ್ಮೂರು ಕಕ್ಕೇರಾದವರು ಯಾವ ಫೋಟೊ ಇರಲಿ, ಆ ಕಾಲುವೆಯ ಮುಂದೆ ನಿಂತೇ ತೆಗೆಸುವವರು. ನಾನೂ ಹಾಗೆಯೇ ತೆಗೆಸಿದ್ದೆ, ಅದೂ ಶಿಕ್ಷಕಿ ಕೆಲಸದ ಅರ್ಜಿಗೆ!

ಅರ್ಜಿ ಹಾಕಲು ಅಂದೇ ಕೊನೆಯ ದಿನ. ಫೋಟೊದ ಫೈಲು ದೊಡ್ಡದಾಯಿತೆಂದು ವೆಬ್‌ಸೈಟು ತೆಗೆದುಕೊಳ್ಳಲೇ ಇಲ್ಲ. ಇಂಟರ್ನೆಟ್ ಅಂಗಡಿಯವನು ಗುಣಮಟ್ಟವನ್ನು ತಳಕ್ಕೆ ಇಳಿಸಿದ. ಸೈಜೇನೋ ಸರಿಹೋಯಿತು, ನನ್ನ ಮುಖ ಚೌಕಚೌಕವಾಗಿ ಒಡೆದುಹೋಯಿತು. ಮುಖ ಸ್ಪಷ್ಟವಿಲ್ಲದಿದ್ದರೆ ಅರ್ಜಿ ತಿರಸ್ಕೃತ ಎಂದು ಅಲ್ಲೇ ಬರೆದಿತ್ತು. ಸ್ಟುಡಿಯೋಗೆ ಓಡಿದೆ.

ಆಪಾ ನೋಡಿ ಹಣೆ ಬಡಿದುಕೊಂಡಳು. "ಅಯ್ಯ ತಂಗಿ, ಆ ಹೂವು, ಆ ನೀರು ಎಲ್ಲಾ ಸೈಜು ನುಂಗಾಕತ್ತಾವ! ನಿನ್ನ ಮಾರಿಗಿ ಏನ್ ಉಳೀತೈತಿ? ಹಿಂದ ಬರೇ ಬೆಳ್ಳಗ ಇತ್ತಂದ್ರ ಕ್ವಾಲಿಟಿ ಇಷ್ಟು ಇಳಸೋದೇ ಬ್ಯಾಡ."

"ಪರದಾ ಗೋಡಿಗಿ ಮೊಳಿ ಹೊಡದು ಕುಂದರಿಸೀರಲ್ರಿ ಆಪಾ?"

"ಇರ್ಲಿ ಬಿಡು!" ಎಂದು ಒಣಹಾಕಿದ್ದ ಬಿಳಿ ಬೆಡ್‌ಶೀಟು ತಂದಳು. ಹಿಡಿಯಲು ಬೇರೆ ಯಾರೂ ಇರಲಿಲ್ಲ. ಕ್ಯಾಮೆರಾಕ್ಕೆ ಟೈಮರ್ ಇಟ್ಟು, ಓಡಿ ಬಂದು ನನ್ನ ಹಿಂದೆ ಅದನ್ನು ಎತ್ತಿ ಹಿಡಿದಳು. "ನಗಬ್ಯಾಡ, ಅಲ್ಲಾಡಬ್ಯಾಡ!" ಎಂದವಳು ತಾನೇ ನಕ್ಕಳು. ನನ್ನ ಮುಖವನ್ನಷ್ಟೇ ಕತ್ತರಿಸಿ, ಅಳತೆ ಚಿಕ್ಕದು ಮಾಡಿ, ಆಮೇಲೆ ಗುಂಡಿಯನ್ನು ಒಂಚೂರು ಇಳಿಸಿದಳು. ರೆಪ್ಪೆ ನಿಚ್ಚಳ! ವೆಬ್‌ಸೈಟು ಫೋಟೊ ತೆಗೆದುಕೊಂಡಿತು. ಇಬ್ಬರೂ ಕೈಹಿಡಿದು ಕುಣಿದದ್ದೇ ಕುಣಿದದ್ದು.

ಆ ಕೆಲಸ ಸಿಕ್ಕಿತು. ಇವತ್ತು ನಾನು ವಡಗೇರಾದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರೆ ಅದು ಆಪಾನ ಋಣ.

ಹೋದ ವರ್ಷ ಆಪಾ ತೀರಿಕೊಂಡಳು. ಊರಿಗೆಲ್ಲ ಫೋಟೊ ತೆಗೆದವಳದು ಒಂದೂ ಒಳ್ಳೆಯ ಫೋಟೊ ಇಲ್ಲವೆಂದು ಆಕೆಯ ಮಗಳು ಅತ್ತಳು. ನನ್ನ ಹತ್ತಿರ ಇತ್ತು! ಅಂದು ಕತ್ತರಿಸುವ ಮೊದಲಿನ ಫೋಟೊವನ್ನೂ ಆಪಾ ನನ್ನ ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದಳು. ಅದರಲ್ಲಿ ಬೆಡ್‌ಶೀಟಿನ ಪಕ್ಕದಿಂದ ಇಣುಕಿ ನಗುತ್ತಿದ್ದಾಳೆ, ಹಿಂದೆ ಆಕೆಯ ಕಾಲುವೆ. ಈ ಸಲ ನಾನು ಕತ್ತರಿಸಿ ತೆಗೆದದ್ದು ನನ್ನನ್ನು. ಹೂವು, ನೀರು, ಆಕೆಯ ರೆಪ್ಪೆ, ಎಲ್ಲವನ್ನೂ ಇಟ್ಟುಕೊಂಡು, ಗುಣಮಟ್ಟದ ಗುಂಡಿಯನ್ನು ಏರುವ ಕಡೆಗೆ ಕೊನೆಯವರೆಗೂ ಜಗ್ಗಿದೆ.