ಮಣ್ಣು ಮಾಡಿದ ಗೆಡ್ಡೆ

ಕೊರೊನಾ ತಗ್ಗಿದ ಮರುವರ್ಷ. ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗದಿಂದ ನಿವೃತ್ತನಾಗಿ ಕೊಳ್ಳೇಗಾಲದಲ್ಲಿ ಒಂದು ಸಣ್ಣ ಹಿಸ್ಟೋಪೆಥಾಲಜಿ ಲ್ಯಾಬ್ ನಡೆಸುತ್ತಿದ್ದೆ. ರಕ್ತ, ಮೂತ್ರ ನೋಡುವ ಲ್ಯಾಬುಗಳು ಊರಿನಲ್ಲಿ ಬೇಕಾದಷ್ಟಿದ್ದವು. ನನ್ನದು ಅಂಗಾಂಶ ನೋಡುವ ಲ್ಯಾಬ್. ಹನೂರು, ಯಳಂದೂರು, ಮಾರ್ಟಳ್ಳಿ ಕಡೆಯ ಸರ್ಜನ್ನರು ಕತ್ತರಿಸಿ ತೆಗೆದ ತುಣುಕುಗಳು ರೋಗಿಗಳ ಮನೆಯವರ ಕೈಚೀಲದಲ್ಲಿ, ಬಸ್ಸಿನಲ್ಲಿ ಕೂತು ನನ್ನ ಮೇಜಿಗೆ ಬರುತ್ತಿದ್ದವು. ತುಣುಕು ಕೊಳೆಯದಂತೆ ಅದನ್ನು ಫಾರ್ಮಲಿನ್ ಎಂಬ ದ್ರಾವಣದಲ್ಲಿ ಹಾಕಿಡುತ್ತಾರೆ. ನಾವು ಅದನ್ನು ಮೇಣದೊಳಗೆ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹರಡಿ, ಬಣ್ಣ ಕೊಟ್ಟು ಮೈಕ್ರೋಸ್ಕೋಪಿನ ಕೆಳಗೆ ಇಡುತ್ತೇವೆ. ಕೆಲಸ ಇಷ್ಟೇ. ಇದರ ಮೇಲೆ ಒಬ್ಬರ ಹೊಟ್ಟೆಯೋ ಮೊಲೆಯೋ ಕಾಲೋ ಉಳಿಯುವುದು, ಹೋಗುವುದು ನಿಂತಿರುತ್ತದೆ.

ನಿವೃತ್ತನಾದ ಮೇಲೂ ಕಾಲೇಜಿನವರು ಆಗಾಗ ಪಾಠಕ್ಕೆ ಕರೆಯುತ್ತಾರೆ. ಈ ಪ್ರಕರಣವನ್ನು ಅಲ್ಲಿ ವಿದ್ಯಾರ್ಥಿಗಳಿಗೆ ಹಲವು ಸಲ ಹೇಳಿದ್ದೇನೆ. ಹೇಳುತ್ತಾ ಹೇಳುತ್ತಾ ಅದು ನುಣುಪಾಗಿಬಿಟ್ಟಿದೆ. ನಗುವ ಜಾಗದಲ್ಲಿ ನಗು, ಮೌನದ ಜಾಗದಲ್ಲಿ ಮೌನ. ನಡೆದದ್ದು ಅಷ್ಟು ನುಣುಪಾಗಿರಲಿಲ್ಲ. ಸ್ಲೈಡುಗಳು ಇನ್ನೂ ನನ್ನ ಬಳಿ ಇವೆ, ಅವು ಬದಲಾಗಿಲ್ಲ. ಉಳಿದದ್ದರಲ್ಲಿ ನನಗೆ ಅನುಮಾನವಿರುವ ಕಡೆ ಅನುಮಾನ ಎಂದೇ ಬರೆಯುತ್ತೇನೆ.

ಮಾದೇವಮ್ಮ ಕುಂತೂರಿನ ಆಚೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್. ವಯಸ್ಸು ಐವತ್ತರ ಆಸುಪಾಸು. ಹತ್ತು ಹದಿನೈದು ವರ್ಷಗಳ ಹಿಂದೆ ಕಬ್ಬಿನ ಟ್ರ್ಯಾಕ್ಟರ್ ತಗುಲಿ ಅವರ ಎಡತೊಡೆಯ ಮೂಳೆ ಮುರಿದಿತ್ತು. ಆಗ ಸ್ಟೀಲಿನ ಪ್ಲೇಟು ಇಟ್ಟು ಸ್ಕ್ರೂ ಹಾಕಿ ಕೂಡಿಸಿದ್ದರು. ಕೂಡಿಕೊಂಡ ಮೇಲೆ ಪ್ಲೇಟು ತೆಗೆಸಿಕೊಳ್ಳಬೇಕೆಂದು ಹೇಳಿದ್ದರಂತೆ, ಯಾರೂ ಆ ಗೋಜಿಗೆ ಹೋಗಲಿಲ್ಲ. ನೋವಿಲ್ಲದ ಕಾಲನ್ನು ಮತ್ತೆ ಕೊಯ್ಯಿಸುವವರು ಯಾರು? ಈಗ ತೊಡೆ ಊದಿತ್ತು. ಮಕ್ಕಳ ಜೊತೆ ನೆಲದ ಮೇಲೆ ಕೂತರೆ ಏಳಲಾಗುತ್ತಿರಲಿಲ್ಲ. ಮಕ್ಕಳು ಅದನ್ನೊಂದು ಆಟ ಮಾಡಿಕೊಂಡು, ಸಾಲಾಗಿ ನಿಂತು ಅವರ ಕೈ ಹಿಡಿದು ಎಳೆದು ಎಬ್ಬಿಸುತ್ತಿದ್ದವು.

ಕೊಳ್ಳೇಗಾಲದ ಒಂದು ನರ್ಸಿಂಗ್ ಹೋಮಿನ ಮೂಳೆ ಡಾಕ್ಟರು ತೊಡೆ ತೆರೆದರು. ಒಳಗೆ ಗಾಡಿಯ ಇಂಜಿನ್ ಆಯಿಲ್‌ನಂಥ ಕಪ್ಪು ದ್ರವ, ಸಡಿಲವಾದ ಸ್ಕ್ರೂಗಳು, ಪ್ಲೇಟಿಗೆ ಅಂಟಿಕೊಂಡ ಒಂದು ಗೆಡ್ಡೆ. ಪ್ಲೇಟನ್ನೂ ಗೆಡ್ಡೆಯನ್ನೂ ತೆಗೆದರು. ಡಾಕ್ಟರು ಗೆಡ್ಡೆಯನ್ನು ಹೋಳು ಮಾಡಿ ದೊಡ್ಡ ಡಬ್ಬಿಯಲ್ಲಿ ಫಾರ್ಮಲಿನ್ ತುಂಬಿ ಹಾಕಿಸಿದರು. ಒಂದು ಚೂರನ್ನು ಬೇರೆ ಸಣ್ಣ ಬಾಟಲಿಗೆ ಹಾಕಿಸಿದರು. ಎರಡನ್ನೂ ನರ್ಸು ಮಾದೇವಮ್ಮನವರ ಗಂಡ ಶಿವಮಲ್ಲಪ್ಪನವರ ಕೈಗೆ ಕೊಟ್ಟು ಲ್ಯಾಬಿಗೆ ಕೊಡಿ ಎಂದಷ್ಟೇ ಹೇಳಿದಳು.

ನನಗೆ ಬಂದದ್ದು ಸಣ್ಣ ಬಾಟಲಿ ಮಾತ್ರ.

ಸ್ಲೈಡಿನಲ್ಲಿ ಮೊದಲು ಕಂಡದ್ದು ಕಪ್ಪು ಪುಡಿ. ವರ್ಷಗಟ್ಟಲೆ ಸ್ಕ್ರೂ ಪ್ಲೇಟಿಗೆ ಉಜ್ಜಿ ಉಜ್ಜಿ ಉದುರಿದ ಲೋಹದ ಕಣಗಳು. ದೇಹದ ಕಸ ನುಂಗುವ ಜೀವಕೋಶಗಳು ಆ ಕಣಗಳನ್ನು ನುಂಗಿ, ಅರಗಿಸಲಾಗದೆ ಹೊಟ್ಟೆ ತುಂಬಿಕೊಂಡು ಗುಂಪುಗುಂಪಾಗಿ ಸತ್ತುಬಿದ್ದಿದ್ದವು. ಇದನ್ನು ಮೆಟಾಲೋಸಿಸ್ ಎನ್ನುತ್ತೇವೆ. ಇದು ಗೆಡ್ಡೆಯಂತೆ ಬೆಳೆದರೂ ಕ್ಯಾನ್ಸರ್ ಅಲ್ಲ. ಪ್ಲೇಟು ತೆಗೆದರೆ ಅರ್ಧ ವಾಸಿ. ಅಷ್ಟಕ್ಕೇ ನಿಂತಿದ್ದರೆ ನಾನು ಆ ದಿನವೇ ರಿಪೋರ್ಟ್ ಬರೆದು ಮುಗಿಸುತ್ತಿದ್ದೆ.

ಚೂರಿನ ಒಂದು ಅಂಚಿನಲ್ಲಿ ಬೇರೆ ಏನೋ ಇತ್ತು. ನೂಲುವ ಕದಿರಿನಾಕಾರದ, ಎರಡೂ ತುದಿ ಚೂಪಾದ ಜೀವಕೋಶಗಳ ಒಂದು ಸಣ್ಣ ಪಟ್ಟಿ. ಅವುಗಳ ನ್ಯೂಕ್ಲಿಯಸ್ಸುಗಳು ದಪ್ಪ, ಕಡುಗಪ್ಪು, ಒಂದರಂತೆ ಇನ್ನೊಂದಿಲ್ಲ. ಗಾಯ ಮಾಯುವಾಗಲೂ ಜೀವಕೋಶಗಳು ಹೀಗೆ ಅವಸರದಲ್ಲಿ ಬೆಳೆದು ನಮ್ಮನ್ನು ಮೋಸಗೊಳಿಸುವುದುಂಟು. ಅದಲ್ಲದಿದ್ದರೆ ಇದು ಸಾರ್ಕೋಮಾ. ಮಾಂಸ, ಮೂಳೆಗಳಲ್ಲಿ ಹುಟ್ಟುವ ಕ್ಯಾನ್ಸರ್. ಹಳೆಯ ಇಂಪ್ಲಾಂಟಿನ ಪಕ್ಕದಲ್ಲಿ ಅದು ಹುಟ್ಟುವುದು ತೀರ ಅಪರೂಪ. ನನ್ನ ವೃತ್ತಿಯಲ್ಲಿ ಅದುವರೆಗೆ ಒಂದನ್ನೂ ನೋಡಿರಲಿಲ್ಲ.

ಮೊದಲನೆಯದಾದರೆ ಮಾದೇವಮ್ಮನ ಕಾಲು ಉಳಿಯುತ್ತದೆ. ಎರಡನೆಯದಾದರೆ, ಆ ತೊಡೆಯ ಸ್ಥಿತಿಯಲ್ಲಿ, ಕಾಲನ್ನು ಮೇಲಿನಿಂದಲೇ ತೆಗೆಯಬೇಕಾಗುತ್ತದೆ, ಅದೂ ಬೇಗ.

ಮೂಳೆ ಡಾಕ್ಟರಿಗೆ ಫೋನ್ ಮಾಡಿದೆ. ಗಾಯ ಕೂಡುತ್ತಿಲ್ಲ, ಕೀವಾಗಿದೆ, ಶುಗರ್ ಇಳಿಯುತ್ತಿಲ್ಲ, ಮತ್ತೆ ಚೂರು ತೆಗೆಯುವ ಮಾತೇ ಇಲ್ಲ ಎಂದರು. ತೆಗೆದರೂ ಮಾಯುತ್ತಿರುವ ಗಾಯದ ಜೀವಕೋಶಗಳೇ ಬಂದು ನನ್ನ ಗೊಂದಲ ಹೆಚ್ಚುತ್ತಿತ್ತು.

"ಮೆಟಾಲೋಸಿಸ್ ಅಂತ ಕೊಟ್ಟುಬಿಡಿ ಸಾರ್. ಆಮೇಲೆ ನೋಡೋಣ," ಎಂದರು. ಆಮೇಲೆ ತಡೆದು ಕೇಳಿದರು: "ಅಲ್ಲ, ಡಬ್ಬಿ ತುಂಬ ಕಳಿಸಿದ್ದೆನಲ್ಲ?"

ಡಬ್ಬಿಯ ವಿಷಯ ನನಗೆ ಗೊತ್ತಾದದ್ದು ಆಗಲೇ. ಶಿವಮಲ್ಲಪ್ಪನವರಿಗೆ ಫೋನ್ ಮಾಡಿದೆ. ಮನೆಯಲ್ಲಿದ್ದರು ಅಂತ ಕಾಣುತ್ತದೆ, ಸಿಗ್ನಲ್ ಸರಿಯಿಲ್ಲದೆ ಮಾತು ತುಂಡುತುಂಡಾಗಿ ಕೇಳುತ್ತಿತ್ತು.

"ಲ್ಯಾಬಿನ ಡಾಕ್ಟರು ಮಾತಾಡ್ತಿರೋದು. ಮಾದೇವಮ್ಮಂದು…" ಎನ್ನುವಷ್ಟರಲ್ಲಿ ಅವರೇ ಹೇಳಿದರು:

"ಮಾದೇವಮ್ಮಂದಾ? ಮಣ್ಣು ಮಾಡ್ಬುಟ್ವಲ್ಲ ಸಾ."

ಈ ಸೀಮೆಯಲ್ಲಿ ಮಣ್ಣು ಮಾಡುವುದು ಅಂದರೆ ಹೆಣ ಹೂಳುವುದು. "ಯಾವಾಗ ಹೋದರು?" ಎಂದೆ.

"ಯಾರು ಎಲ್ಲಿಗೋದ್ರು ಸಾ?"

"ಮಾದೇವಮ್ಮ."

ಆ ಕಡೆ ಹೆಂಗಸಿನ ದನಿ ಕೇಳಿತು. "ಯಾರ್ರೀ ಅದು?"

"ಲ್ಯಾಬ್ ಡಾಕ್ಟ್ರು. ನೀ ಯಾವಾಗೋದೆ ಅಂತ ಕೇಳ್ತಾವ್ರೆ."

"ಇನ್ನೂ ಇವ್ನಿ ಅಂತೇಳಿ."

ಮೂವರೂ ನಕ್ಕೆವು ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ನಾನು ನಕ್ಕಿರಲಾರೆ. ಯಾಕೆಂದರೆ ಮಣ್ಣು ಮಾಡಿದ್ದು ಏನನ್ನು ಎಂದು ಆ ಹೊತ್ತಿಗೆ ನನಗೆ ಹೊಳೆದಿತ್ತು.

ಅವರು ಲಿಂಗಾಯತರು. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ವಿಭೂತಿಯೊಂದಿಗೆ ಮಣ್ಣಿಗೆ ಕೊಡುತ್ತಾರೆ. ಲಿಂಗ ಕಟ್ಟಿದ ಮೈಯಿಂದ ಬಂದದ್ದು ಬೆಂಕಿಗೂ ಹೋಗಬಾರದು, ಚರಂಡಿಗೂ ಹೋಗಬಾರದು. ಶಿವಮಲ್ಲಪ್ಪ ಸಣ್ಣ ಬಾಟಲಿಯನ್ನು ಲ್ಯಾಬಿನಲ್ಲಿ ಕೊಟ್ಟು, ದೊಡ್ಡ ಡಬ್ಬಿಯನ್ನು ಊರಿಗೆ ಒಯ್ದು, ಅದರ ನೀರು ಚೆಲ್ಲಿ, ಹೋಳುಗಳನ್ನು ಹೊಸ ಬಿಳಿ ಬಟ್ಟೆಯಲ್ಲಿ ಕಟ್ಟಿ, ವಿಭೂತಿ ಇಟ್ಟು, ಅಪ್ಪ ಅವ್ವನನ್ನು ಹೂಳಿದ್ದ ಹೊಲದ ಮೂಲೆಯಲ್ಲಿ ಹೂತಿದ್ದರು.

"ಪರೀಕ್ಸೆಗೆ ಅಂತ ಚಿಕ್ಕದು ಕೊಟ್ಟವ್ರೆ, ದೊಡ್ಡದು ನಮ್ದು ಅಂದ್ಕಂಡೆ. ಎರಿಗೇಲಿ ಮಾಸು ನಮ್ ಕೈಗೇ ಕೊಡ್ತಾರಲ್ಲ ಸಾ, ಅಂಗೇಯ," ಎಂದರು.

ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಮಗುವಿನ ಹಿಂದೆ ಬರುವ ಮಾಸನ್ನು ಮನೆಯವರಿಗೆ ಕೊಟ್ಟು ಹೂಳಿಸುವುದನ್ನು ನಾವೇ ಅವರಿಗೆ ಕಲಿಸಿದ್ದೆವು. ಮೈಯಿಂದ ಬಂದ ಒಂದನ್ನು ಕೊಡುತ್ತೇವೆ, ಇನ್ನೊಂದನ್ನು ಇಟ್ಟುಕೊಳ್ಳುತ್ತೇವೆ ಎಂದು ಯಾರೂ ಹೇಳಿರಲಿಲ್ಲ.

ಹೂತು ಎರಡು ವಾರವೂ ಆಗಿರಲಿಲ್ಲ. ಹಸಿ ಮಾಂಸವಾಗಿದ್ದರೆ ನಾನು ಕೈಬಿಡುತ್ತಿದ್ದೆ. ಆದರೆ ಹೋಳು ಮಾಡಿ ಫಾರ್ಮಲಿನ್‌ನಲ್ಲಿ ನೆನೆಸಿದ್ದು ಬೇಗ ಕೊಳೆಯುವುದಿಲ್ಲ. ಎಲ್ಲೋ ಒಂದು ಹೋಳು ಉಳಿದಿರಬಹುದು. ಯಾರೋ ಅಗೆದು ಏನೋ ತಂದುಕೊಟ್ಟರೆ ನಂಬುವುದು ಹೇಗೆ ಎಂದು ನಾನೇ ಹೊರಟೆ.

ಶಿವಮಲ್ಲಪ್ಪ ಒಪ್ಪಲಿಲ್ಲ. ಜಗುಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಬಹಳ ಮರ್ಯಾದೆಯಿಂದಲೇ ಹೇಳಿದರು: "ಮಣ್ಣಿಗೆ ಕೊಟ್ಟಿದ್ದ ಮತ್ತೆ ಅಗೆಯಾದುಂಟಾ ಸಾ? ಅಯ್ನೋರ ಕೇಳ್ದಿ. ಬ್ಯಾಡ ಅಂದವ್ರೆ."

ಅಯ್ನೋರು ಅಂದರೆ ಅವರ ಮನೆಯ ಜಂಗಮರು. ಒಳಗಿನ ಮಂಚದಿಂದ ಮಾದೇವಮ್ಮ ಕೇಳಿದರು: "ಅಯ್ನೋರ ಕಾಲಾ ಅದು?"

"ನೀ ಸುಮ್ಕಿರು."

"ನನ್ ಕಾಲು. ನನ್ ಮಾಂಸ. ಸತ್ತಿದ್ರೆ ನೀವೇಳ್ದಂಗೆ ಬಿದ್ದಿರ್ತಿದ್ದೆ. ಸತ್ತಿಲ್ವಲ್ಲ."

ಅವರು ನನ್ನನ್ನು ಒಳಕ್ಕೆ ಕರೆದರು. ಪಾಠ ಹೇಳುವವರ ದನಿ, ಸ್ಪಷ್ಟವಾದ ಪ್ರಶ್ನೆ. "ಅಗುದ್ರೆ ಏನ್ ಗೊತ್ತಾಯ್ತದೆ ಸಾ?"

ಇದ್ದದ್ದನ್ನು ಹೇಳಿದೆ. ಬರೀ ಲೋಹದ ಪುಡಿಯಾಗಿದ್ದರೆ ಕಾಲು ಉಳಿಯುತ್ತದೆ. ಕ್ಯಾನ್ಸರ್ ಇದ್ದರೆ ಕಾಲು ಹೋಗುತ್ತದೆ. ಅಗೆಯದಿದ್ದರೆ ಯಾವುದೆಂದು ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

"ಅಂಗಾರೆ ಅಗೀರಿ," ಎಂದರು.

ಅಗೆದದ್ದು ಶಿವಮಲ್ಲಪ್ಪನೇ. ಬೇರೆಯವರ ಕೈಗೆ ಗುದ್ದಲಿ ಕೊಡಲಿಲ್ಲ. ಮಾದೇವಮ್ಮ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ತಮ್ಮದೇ ಗುಂಡಿಯನ್ನು ನೋಡುತ್ತಾ ಕೂತಿದ್ದ ಚಿತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳು ಮಂಚ ಬಿಟ್ಟು ಏಳಲೇ ಇಲ್ಲ ಎಂದು ಶಿವಮಲ್ಲಪ್ಪ ಆಮೇಲೊಮ್ಮೆ ಹೇಳಿದರು. ಆ ಗಾಯದಲ್ಲಿ ಏಳಲು ಆಗುತ್ತಿರಲಿಲ್ಲ ಎಂಬುದೂ ನಿಜ. ಕುರ್ಚಿ ಎಲ್ಲಿಂದ ಬಂತೋ ನಾನರಿಯೆ. ಅದನ್ನು ಅಳಿಸಲು ಪ್ರಯತ್ನಿಸಿದ್ದೇನೆ, ಹೋಗುತ್ತಿಲ್ಲ.

ಗಂಟು ಬಿಚ್ಚಿದಾಗ ವಿಭೂತಿಯ ಜೊತೆ ಫಾರ್ಮಲಿನ್ ವಾಸನೆ ಮೂಗಿಗೆ ಹೊಡೆಯಿತು. ಹೊರಗಿನ ಹೋಳುಗಳನ್ನು ಇರುವೆ ತಿಂದಿದ್ದವು, ಉಳಿದದ್ದು ಮೆತ್ತಗಾಗಿತ್ತು. ನಡುವಿನ ಎರಡು ಹೋಳು ಗಟ್ಟಿಯಾಗಿದ್ದವು. ಬೆರಳಲ್ಲಿ ಒತ್ತಿದರೆ ರಬ್ಬರಿನಂತೆ ಪುಟಿಯುತ್ತಿದ್ದವು. ಅವನ್ನು ತೊಳೆದು ಹೊಸ ಫಾರ್ಮಲಿನ್‌ಗೆ ಹಾಕಿಕೊಂಡೆ. ಮಿಕ್ಕದ್ದನ್ನು ಶಿವಮಲ್ಲಪ್ಪ ಮತ್ತೆ ಕಟ್ಟಿ, ಮತ್ತೆ ವಿಭೂತಿ ಇಟ್ಟು, ಮತ್ತೆ ಮಣ್ಣೆಳೆದರು. ಕೈ ಮುಗಿದು ನಿಂತಿದ್ದರು.

ಮಣ್ಣಿನಿಂದ ತಂದದ್ದು ಆಕೆಯದೇ ಎಂದು ಹೇಳುವುದು ಹೇಗೆ? ಸ್ಲೈಡೇ ಹೇಳಿತು. ಒಂದೇ ಹೋಳಿನ ಒಂದು ಬದಿಯಲ್ಲಿ ಅದೇ ಕಪ್ಪು ಪುಡಿ. ಹೊಲದಲ್ಲಿ ಹೂತ ಬೇರಾವ ಮಾಂಸದೊಳಗೂ ಸ್ಟೀಲಿನ ಪುಡಿ ಇರುವುದಿಲ್ಲ. ಇನ್ನೊಂದು ಬದಿಯಲ್ಲಿ, ಅದಕ್ಕೆ ಅಂಟಿಕೊಂಡೇ, ಆ ಕದಿರಿನಾಕಾರದ ಜೀವಕೋಶಗಳು. ಇಲ್ಲಿ ಅವು ಸಣ್ಣ ಪಟ್ಟಿಯಾಗಿರಲಿಲ್ಲ, ಆ ಬದಿಯ ತುಂಬ ಇದ್ದವು. ಅಡ್ಡಾದಿಡ್ಡಿಯಾಗಿ ಒಡೆದು ಎರಡಾಗುತ್ತಿದ್ದವು, ಮಾಂಸಖಂಡದ ಎಳೆಗಳ ನಡುವೆ ನುಗ್ಗುತ್ತಿದ್ದವು. ಗಾಯ ಮಾಯುವ ಜೀವಕೋಶಗಳಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರುತ್ತದೆ. ಇವಕ್ಕೆ ಗೊತ್ತಿರಲಿಲ್ಲ.

ಸಾರ್ಕೋಮಾ ಎಂದು ಬರೆದೆ. ತೀವ್ರ ಸ್ವರೂಪದ್ದು ಎಂದು ಬರೆದೆ. ಪ್ಲೇಟಿನಿಂದಲೇ ಬಂತು ಎಂದು ಬರೆಯಲಿಲ್ಲ. ಪಕ್ಕದಲ್ಲಿ ಇರುವುದು ಬೇರೆ, ಕಾರಣವಾಗುವುದು ಬೇರೆ. ಅಂಗಾಂಶವನ್ನು ಮಣ್ಣಿನಿಂದ ತೆಗೆಯಲಾಗಿದೆ ಎಂಬುದನ್ನೂ ಬರೆದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ವಿಶೇಷ ಬಣ್ಣಗಳನ್ನು ಹಾಕಿ ಮತ್ತೆ ನೋಡಿದರು. ಅದನ್ನೇ ಹೇಳಿದರು. ಕಾಲನ್ನು ಸೊಂಟದ ಹತ್ತಿರದಿಂದ ತೆಗೆದರು.

ಒಂದು ವರ್ಷ ದಾಟಿದ ಮೇಲೆ ಅವರಿಬ್ಬರೂ ಒಂದು ಕಾರಿನಲ್ಲಿ ನನ್ನ ಲ್ಯಾಬಿನ ಮುಂದೆ ಬಂದರು. ಮಾದೇವಮ್ಮನ ಶ್ವಾಸಕೋಶದಲ್ಲಿ ಗಂಟುಗಳು ಕಂಡಿದ್ದವು, ಕ್ಯಾನ್ಸರ್ ಅಲ್ಲಿಗೂ ಹರಡಿತ್ತು. ಬೇರೆ ಆಸ್ಪತ್ರೆಗೆ ತೋರಿಸಲು ಆ ಅಂಗಾಂಶ ಕೂರಿಸಿದ ಮೇಣದ ಬ್ಲಾಕುಗಳು ಬೇಕಿದ್ದವು. ನಾನೇ ತೆಗೆದುಕೊಂಡು ಕಾರಿನ ಬಳಿ ಹೋದೆ. ಮಾದೇವಮ್ಮ ಹಿಂದಿನ ಸೀಟಿನಲ್ಲಿ ಒರಗಿದ್ದರು, ಸೀರೆಯ ಒಂದು ಬದಿ ಚಪ್ಪಟೆಯಾಗಿ ಬಿದ್ದಿತ್ತು. ಬ್ಲಾಕುಗಳನ್ನು ತೆಗೆದುಕೊಳ್ಳುತ್ತಾ ಶಿವಮಲ್ಲಪ್ಪ ನನ್ನ ಮುಖ ನೋಡದೆ ಹೇಳಿದರು:

"ಅಗೀದೆ ಇದ್ದಿದ್ರೆ ಎರಡು ಕಾಲ್ಮೇಲೇ ಓಯ್ತಿದ್ಲು ಸಾ."

ನನ್ನ ಬಳಿ ಉತ್ತರವಿತ್ತು. ಕಾಲು ತೆಗೆಯದಿದ್ದರೆ ಇನ್ನೂ ಬೇಗ ಸಾವು ಬರುತ್ತಿತ್ತು, ಕಾಲು ಕೊಳೆತು ನೋವಿನಲ್ಲಿ ನರಳುತ್ತಿದ್ದರು ಎನ್ನಬಹುದಿತ್ತು. ಬಹುಶಃ ಅದು ನಿಜ. ಈಕೆಯ ವಿಷಯದಲ್ಲಿ ನಿಜವೇ ಎಂದು ಯಾವ ಸ್ಲೈಡೂ ಹೇಳಲಾರದು.

ಒಳಗಿನಿಂದ ಮಾದೇವಮ್ಮ ಹೇಳಿದರು: "ಯಾವ್ದರಿಂದ ಓಯ್ತಾ ಇವ್ನಿ ಅಂತ್ಲೂ ಗೊತ್ತಿಲ್ದಂಗೆ ಓಗ್ಬೇಕಿತ್ತಾ? ಗಾಡಿ ಅತ್ತಿ."

ಈಗ ನನ್ನ ಲ್ಯಾಬಿಗೆ ಅಂಗಾಂಶ ಕಳಿಸುವ ಡಾಕ್ಟರುಗಳಿಗೆಲ್ಲ ಒಂದು ಮಾತು ಹೇಳಿದ್ದೇನೆ: ಮನೆಯವರ ಕೈಗೆ ಡಬ್ಬಿ ಕೊಡುವಾಗ ಪೂರ್ತಿ ಲ್ಯಾಬಿಗೆ ಎಂದು ಬಿಡಿಸಿ ಹೇಳಿ, ಮಿಕ್ಕದ್ದನ್ನು ಏನು ಮಾಡಬೇಕೆಂದು ಅವರನ್ನೂ ಕೇಳಿ. ಇದು ಈ ಪ್ರಕರಣ ಕಲಿಸಿದ ಸುಲಭದ ಪಾಠ. ಇನ್ನೊಂದು ಅಷ್ಟು ಸುಲಭದ್ದಲ್ಲ. ರೋಗದ ಹೆಸರು ಸರಿಯಾಗಿ ಹೇಳುವುದು ನನ್ನ ಕೆಲಸ. ಆ ಹೆಸರಿನಿಂದ ರೋಗಿಗೆ ಏನು ಸಿಕ್ಕಿತು, ಏನು ಹೋಯಿತು ಎಂಬ ಲೆಕ್ಕ ನನ್ನ ರಿಪೋರ್ಟಿನಲ್ಲಿ ಬರುವುದಿಲ್ಲ. ಮೂವತ್ತು ವರ್ಷ ಇವೆರಡೂ ಒಂದೇ ಎಂದುಕೊಂಡಿದ್ದೆ. ಸರಿಯಾದ ಉತ್ತರ ಕೊಟ್ಟ ದಿನವೂ ಯಾರದೋ ಮನೆಯಿಂದ ಏನನ್ನೋ ಕಿತ್ತುಕೊಂಡು ಬಂದಂತೆ ಅನಿಸಬಹುದು, ಮತ್ತು ಹಾಗೆ ಅನಿಸಿದರೂ ಮರುದಿನ ಬೆಳಿಗ್ಗೆ ಮೈಕ್ರೋಸ್ಕೋಪಿನ ಮುಂದೆ ಕೂತು ಇದ್ದದ್ದನ್ನೇ ಬರೆಯಬೇಕು.