ಅವ್ವನ ತುಟಿ

ಜೇಡಿಮಣ್ಣಿನಲ್ಲಿ ಮುಖ ಮಾಡುವುದನ್ನು ನನಗೆ ಯಾರೂ ಕಲಿಸಲಿಲ್ಲ. ದಂಡಿಗನಹಳ್ಳಿ ಕಡೆಯ ಕೆರೆಯಿಂದ ಮಣ್ಣು ತಂದು, ಮೊಬೈಲಿನಲ್ಲಿ ವಿಡಿಯೊ ನೋಡಿ, ಕೆಡಿಸಿ ಕೆಡಿಸಿ ಕಲಿತೆ. ಹೊಳೆನರಸೀಪುರದ ನಮ್ಮ ಹಿತ್ತಲಲ್ಲಿ ಮಣ್ಣಿನ ಮುಖ ಸುಡಲು ಇಟ್ಟಿಗೆ ಜೋಡಿಸಿ ಗೂಡು ಕಟ್ಟಿದಾಗ ಬೀದಿಯವರೆಲ್ಲ ನಕ್ಕರು. ನಗಲಿ, ಅವರ ಮನೆಯ ಸೌದೆಯೇನೂ ಉರಿಸಲಿಲ್ಲವಲ್ಲ.

ಆಗ ನಗುವ ಮುಖ, ಕೋಪದ ಮುಖ ಎಲ್ಲಾ ಬರುತ್ತಿತ್ತು. ಅವ್ವ ಸತ್ತ ಮೇಲೆ ಕೈ ಕೆಟ್ಟಿತು. ಮದುವೆ ಹೆಣ್ಣನ್ನು ಮಾಡಲು ಕೂತರೂ ತುಟಿ ಒಣಗಿ, ಬಾಯಿ ಅರ್ಧ ತೆರೆದ ಅವ್ವನೇ ಬಂದುಬಿಡುತ್ತಿದ್ದಳು. ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಹನಿ ನೀರೂ ಕೊಡಬಾರದೆಂದಿದ್ದರು. ಅವಳು ಕೇಳಿದಳು, ಅಪ್ಪ ಕೊಡಲಿಲ್ಲ. ಒಳಗೆ ಹೋದವಳು ತಿರುಗಿ ಬರಲಿಲ್ಲ. ನನ್ನ ಬೆರಳುಗಳನ್ನು ಕಂಡರೆ ನನಗೇ ಭಯವಾಗುತ್ತಿತ್ತು.

ಬರುವುದೇ ಆದರೆ ನೆಟ್ಟಗೆ ಬರಲಿ ಎಂದು ಕಡೆಗೆ ಅವ್ವನನ್ನೇ ಮಾಡಿದೆ. ತದ್ರೂಪು. ಆದರೆ ಗಟ್ಟಿ ತಲೆಯನ್ನು ಹಾಗೇ ಸುಟ್ಟರೆ ಗೂಡಿನಲ್ಲಿ ಸಿಡಿದು ಚೂರಾಗುತ್ತದೆ. ಹಸಿ ಇದ್ದಾಗಲೇ ತಂತಿಯಿಂದ ನೆತ್ತಿ ಕತ್ತರಿಸಿ, ಒಳಗಿನ ಮಣ್ಣನ್ನು ಕೆರೆದು ತೆಗೆದು, ಮತ್ತೆ ಅಂಟಿಸಬೇಕು. ಎಷ್ಟೋ ತಲೆ ಕತ್ತರಿಸಿದ ನನಗೆ ಅವ್ವನ ನೆತ್ತಿಗೆ ತಂತಿ ಇಡಲು ಕೈ ಏಳಲಿಲ್ಲ. ಒದ್ದೆ ಬಟ್ಟೆ ಸುತ್ತಿ ಜಗುಲಿಯ ಮೂಲೆಯಲ್ಲಿಟ್ಟೆ. ಒಣಗದಂತೆ ಬಟ್ಟೆಯ ಮೇಲೇ ನೀರು ಚಿಮುಕಿಸುತ್ತಿದ್ದೆ, ಬಿಚ್ಚಿ ನೋಡುವ ಧೈರ್ಯವಿರಲಿಲ್ಲ. ಇವತ್ತು ನಾಳೆ ಎನ್ನುತ್ತಾ ದಿನ ತಳ್ಳಿದೆ.

ಅರಕಲಗೂಡಿಗೆ ಹೋಗಿದ್ದವನು ಒಂದು ಸಂಜೆ, ಇವತ್ತು ಕತ್ತರಿಸಿಯೇ ತೀರುವುದು ಎಂದುಕೊಂಡು ಮನೆಗೆ ಬಂದೆ. ಜಗುಲಿಯಲ್ಲಿ ಬಟ್ಟೆ ಬಿಚ್ಚಿತ್ತು. ಅವ್ವನಿಗೆ ಬಾಯಿ ಇರಲಿಲ್ಲ. ಮೂಗಿನ ಕೆಳಗೆ ಗಲ್ಲದವರೆಗೆ ಮಣ್ಣು ಕರಗಿ ನುಣ್ಣಗಾಗಿತ್ತು. ಪಕ್ಕದಲ್ಲಿ ಅಪ್ಪ ಕೂತಿದ್ದ, ಕೈಯಲ್ಲಿ ನೀರಿನ ಲೋಟ, ಚಮಚ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಏನಪ್ಪಾ ಮಾಡ್ಬುಟ್ಟೆ! ಅದು ಅಸಿ ಮಣ್ಣು, ನೀರ್ ಬಿದ್ರೆ ಉಳ್ದಾತಾ?" ಎಂದು ಕಿರುಚಿದೆ.

"ದಿನಾ ಒಂದೊಂದ್ ಚಮಚ ಆಕ್ತಿದ್ದೆ ಕಣ್ಲಾ. ಕುಡೀತಿದ್ಲು," ಎಂದ ಅಪ್ಪ, ಲೋಟ ಕೆಳಗಿಟ್ಟು. "ಈಗ ನೀರು ಕೇಳಾಕಿಲ್ಲ."

ಹೊಸ ತುಟಿ ಹಚ್ಚುವುದು ನನಗೆ ಎಷ್ಟರ ಕೆಲಸ? ಹಚ್ಚಲಿಲ್ಲ. ಮಾರನೇ ಬೆಳಿಗ್ಗೆ ಅಪ್ಪ ಎರಡೂ ಕೈಯಲ್ಲಿ ಅವ್ವನ ಕೆನ್ನೆ ಹಿಡಿದುಕೊಂಡ. ನಾನು ತಂತಿ ಎಳೆದೆ.